ಅಂಗಳದ ಸಾಲಿ, ಹತ್ತನೇತ್ತೆಯ ಬಾಗಿಲು: ನಡುವೆ ಊರಿನ ಹೊಣೆ ಎಷ್ಟು?

ಹಾವೇರಿಯಿಂದ ಹುಬ್ಬಳ್ಳಿಯತ್ತ ಹೊರಟ ಪ್ಯಾಸೆಂಜರ್ ರೈಲಿಗೆ ಮೊದಲು ಸಿಗುವ ನಿಲ್ದಾಣ ಕರ್ಜಗಿ. ವರದಾ ನದಿಯ ದಂಡೆಯ ಈ ಊರು ಇಂದು ಹಾವೇರಿ ತಾಲೂಕಿನ ಒಂದು ಗ್ರಾಮ. ಕಾರಹುಣ್ಣಿಮೆಯ ಬಂಡಿ ಹಬ್ಬದ ದಿನಗಳಲ್ಲಿ ಮಾತ್ರ ಸುತ್ತಲ ಹಳ್ಳಿಗಳ ಜನ ಇಲ್ಲಿ ನೆರೆಯುತ್ತಾರೆ. ಆದರೆ ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರ್ ತೆರೆದು ನೋಡಿದರೆ ಲೆಕ್ಕ ತಿರುಗುಮುರುಗು. ಅಲ್ಲಿ ತಾಲೂಕಿನ ಹೆಸರೇ ಕರ್ಜಗಿ. ಹಾವೇರಿ ಅದರೊಳಗಿನ ಒಂದು ಪೇಟೆ ಊರು. ಮುಂದೆ ಹಾವೇರಿ ತಾಲೂಕಾಯಿತು, 1997ರ ಆಗಸ್ಟ್ 24ರಂದು ಜಿಲ್ಲೆಯೂ ಆಯಿತು. ಕರ್ಜಗಿ ಹಳ್ಳಿಯಾಗಿಯೇ ಉಳಿಯಿತು.

ಹೆಸರಿನ ಈ ಏರಿಳಿತಕ್ಕೂ ಮಕ್ಕಳ ಓದಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಶಾಲೆ ಯಾರ ಹೊಣೆ, ಊರಿನದೋ ಸರ್ಕಾರದ್ದೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಸಿಕ್ಕಿದೆ. ಊರೊಂದು ಗ್ರಾಮವೋ ಪಟ್ಟಣವೋ ಎಂಬುದರ ಮೇಲೂ ಆ ಉತ್ತರ ಬದಲಾಗುತ್ತದೆ. ಈ ಗೊಂದಲದ ಬಿಸಿ ಹೆಚ್ಚಾಗಿ ತಟ್ಟುವುದು ಎರಡು ಬಗೆಯ ಮಕ್ಕಳಿಗೆ. ಒಂದು, ಇನ್ನೂ ಒಂದನೇ ತರಗತಿಗೆ ಬಾರದ ಕೂಸುಗಳು. ಇನ್ನೊಂದು, ಎಂಟು-ಒಂಬತ್ತು ವರ್ಷ ಶಾಲೆಗೆ ಹೋದರೂ ಓದು ಕೈಗೆ ಹತ್ತದೆ ಎಸ್ಸೆಸ್ಸೆಲ್ಸಿಯ ಬಾಗಿಲಲ್ಲಿ ನಿಂತ ಹುಡುಗ ಹುಡುಗಿಯರು.

ಕಾನೂನು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು ಹಕ್ಕು ಕೊಟ್ಟಿದ್ದು 6ರಿಂದ 14 ವರ್ಷದ ಮಕ್ಕಳಿಗೆ. ಆರರ ಕೆಳಗಿನವರಿಗೆ ಸರ್ಕಾರ ಪೂರ್ವ ಪ್ರಾಥಮಿಕ ಶಿಕ್ಷಣದ ವ್ಯವಸ್ಥೆ 'ಮಾಡಬಹುದು' ಎಂದಷ್ಟೇ ಅದರ 11ನೇ ಕಲಮು ಹೇಳುತ್ತದೆ. ಸ್ವಾರಸ್ಯವೆಂದರೆ, 1950ರ ಮೂಲ ಸಂವಿಧಾನದ 45ನೇ ವಿಧಿಯಲ್ಲಿ ಈ ಕೆಳಗೆರೆ ಇರಲೇ ಇಲ್ಲ. 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ರಾಜ್ಯ ಯತ್ನಿಸಬೇಕು ಎಂಬುದು ಅಲ್ಲಿನ ನಿರ್ದೇಶನವಾಗಿತ್ತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹದಿನಾಲ್ಕರವರೆಗಿನ ಶಿಕ್ಷಣವನ್ನು ಹಕ್ಕೆಂದೇ ಎತ್ತಿ ಹಿಡಿಯಿತು. 2002ರ 86ನೇ ತಿದ್ದುಪಡಿ ಹಕ್ಕನ್ನು ಸಂವಿಧಾನದೊಳಗೆ ಬರೆಯಿತು, ನಿಜ. ಬರೆಯುವಾಗ ಆರರ ಕೆಳಗಿನವರನ್ನು ಹೊರಗಿಟ್ಟು ಬರೆಯಿತು. ಹೀಗೆ ನಡುವಿನ ಎಂಟು ವರ್ಷಕ್ಕೆ ಕಾಯ್ದೆಯ ಆಸರೆ, ಎರಡು ತುದಿಗಳಿಗೆ ಯೋಜನೆಗಳ ಮತ್ತು ದೊಡ್ಡ ಮನಸ್ಸಿನವರ ಆಸರೆ ಎಂಬಂತಾಗಿದೆ.

ಒಂದಾಣೆಯ ಲೆಕ್ಕ

ಮುಂಬಯಿ ಪ್ರಾಂತದಲ್ಲಿ, ಅಂದರೆ ನಮ್ಮ ಧಾರವಾಡ ಸೀಮೆಯೂ ಸೇರಿದ್ದ ಆಡಳಿತದಲ್ಲಿ, ಶಾಲೆಯ ಖರ್ಚನ್ನು ಊರೇ ಹೊರುವ ಪದ್ಧತಿ 1860ರ ದಶಕದಷ್ಟು ಹಳೆಯದು. ರೈತ ಕೊಡುವ ಪ್ರತಿ ರೂಪಾಯಿ ಕಂದಾಯದ ಮೇಲೆ ಒಂದಾಣೆ 'ಲೋಕಲ್ ಫಂಡ್' ಪಟ್ಟಿ. ಆ ಆಣೆಯಲ್ಲಿ ಮೂರರಲ್ಲೊಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮೊದಲಾದ ಕೆಲಸಗಳಿಗೆ. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಸಾಲಿಗಳನ್ನು ಬೆಳೆಸಿದ ಕಾಲವದು. ಒಕ್ಕಲಿಗನ ಆಣೆ ಒಕ್ಕಲಿಗನ ಮಗುವಿಗೆ ಎಷ್ಟು ತಲುಪಿತು ಎಂಬುದು ಬೇರೆ ಮಾತು. ದುಡಿಯುವ ರೈತನ ಹಣದಲ್ಲಿ ಮೇಲಿನವರ ಮಕ್ಕಳು ಓದುತ್ತಿದ್ದಾರೆ ಎಂದು ಮಹಾತ್ಮ ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗದ ಮುಂದೆ ನೇರವಾಗಿಯೇ ಆಕ್ಷೇಪಿಸಿದ್ದರು.

ಅದೇ ಹಂಟರ್ ಆಯೋಗ ಪ್ರಾಥಮಿಕ ಶಿಕ್ಷಣವನ್ನು ಜಿಲ್ಲಾ ಬೋರ್ಡುಗಳಿಗೂ ಮುನಿಸಿಪಾಲಿಟಿಗಳಿಗೂ ವಹಿಸಬೇಕೆಂದು ಶಿಫಾರಸು ಮಾಡಿತು. 1911ರಲ್ಲಿ ಗೋಖಲೆಯವರು ಕಡ್ಡಾಯ ಶಿಕ್ಷಣದ ಮಸೂದೆ ತಂದಾಗ ಕಲ್ಕತ್ತೆಯ ಶಾಸನ ಸಭೆ ಅದನ್ನು ಒಪ್ಪಲಿಲ್ಲ. ಕಲ್ಕತ್ತೆಯಲ್ಲಿ ಆಗದ್ದು ಮುಂಬಯಿಯಲ್ಲಿ ಆಯಿತು. 1918ರ ವಿಠ್ಠಲಭಾಯಿ ಪಟೇಲರ ಕಾಯ್ದೆಯಿಂದ ಪ್ರಾಂತದ ಮುನಿಸಿಪಾಲಿಟಿಗಳು ತಮ್ಮ ಗಡಿಯೊಳಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರ ಪಡೆದವು. 1923ರ ಕಾಯ್ದೆ ಇನ್ನೂ ಮುಂದೆ ಹೋಗಿ ಶಾಲೆಗಳ ಆಡಳಿತವನ್ನೇ ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ಕೊಟ್ಟಿತು. ಈ ಭಾಗದ ಹಿರಿಯರ ಬಾಯಲ್ಲಿ 'ಬೋರ್ಡಿನ ಸಾಲಿ', 'ಮುನಿಸಿಪಾಲ್ಟಿ ಸಾಲಿ' ಎಂಬ ಮಾತು ಉಳಿದಿರುವುದು ಆ ಕಾಲದ ಕುರುಹು. ಕೌನ್ಸಿಲರನಿಗೆ ಗಟಾರದ ಚಿಂತೆಯ ಜೊತೆ ಮಾಸ್ತರರ ಪಗಾರದ ಚಿಂತೆಯೂ ಇದ್ದ ಕಾಲ ಅದು.

ಸ್ವಾತಂತ್ರ್ಯಾನಂತರ ಹಂತ ಹಂತವಾಗಿ ಎಲ್ಲವೂ ಬೆಂಗಳೂರಿನ ಇಲಾಖೆಯ ಕೈಗೆ ಹೋಯಿತು. ರಾಜ್ಯ ವಹಿಸಿಕೊಂಡದ್ದರಿಂದ ಶಿಕ್ಷಕರ ಪಗಾರಕ್ಕೆ ಭದ್ರತೆ ಬಂತು, ಬಡ ಊರಿಗೂ ಶಾಲೆ ಬಂತು. ಆದರೆ ಪಟ್ಟಣದ ಆಡಳಿತಕ್ಕೂ ಪಟ್ಟಣದ ಮಕ್ಕಳಿಗೂ ಇದ್ದ ಕೊಂಡಿ ಕಳಚಿತು. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳಲ್ಲಿ ಈ ಕಳಚುವಿಕೆ ಸ್ಪಷ್ಟವಾಗಿ ಕಾಣುತ್ತದೆ. ಪಂಚಾಯ್ತಿಗಳ 11ನೇ ಅನುಸೂಚಿಯ 29 ವಿಷಯಗಳಲ್ಲಿ 'ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದಂತೆ ಶಿಕ್ಷಣ' ಎಂದೇ ಬರೆದಿದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಕೂಡ ಅಲ್ಲಿದೆ. ನಗರಗಳ 12ನೇ ಅನುಸೂಚಿಯ 18 ವಿಷಯಗಳಲ್ಲಿ ಶಾಲೆ ಎಂಬ ಶಬ್ದವೇ ಇಲ್ಲ. ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯ ಸಂಬಂಧಿ ಅಂಶಗಳನ್ನು 'ಉತ್ತೇಜಿಸುವುದು' ಎಂದಿದೆ, ಅಷ್ಟೆ.

ಹೀಗಾಗಿ ಕರ್ಜಗಿಯ ಕೂಸಿನ ಬಗ್ಗೆ ಸಂವಿಧಾನದಲ್ಲಿ ಕರ್ಜಗಿಯ ಪಂಚಾಯ್ತಿಗೆ ಒಂದು ಮಾತಿದೆ. ಹಾವೇರಿ, ರಾಣೇಬೆನ್ನೂರು ನಗರಸಭೆಗಳಿಗಾಗಲಿ ಬ್ಯಾಡಗಿ ಪುರಸಭೆಗಾಗಲಿ ಅಂಥ ಮಾತೇ ಇಲ್ಲ. ಜಿಲ್ಲಾ ಕೇಂದ್ರವಾದ ಊರಿಗಿಂತ ಅದರ ಪಕ್ಕದ ಹಳ್ಳಿಗೇ ಈ ವಿಷಯದಲ್ಲಿ ಹೆಚ್ಚು ಅಧಿಕಾರ!

ಅಂಗಳದಲ್ಲಿ ಹುಟ್ಟಿದ ಶಬ್ದ

ಅಂಗನವಾಡಿ ಎಂಬ ಶಬ್ದ ಸರ್ಕಾರಿ ಕಡತದಲ್ಲಿ ಹುಟ್ಟಿದ್ದಲ್ಲ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದ ತಾರಾಬಾಯಿ ಮೋಡಕ್, 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡವರ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದರು. ಅವರ ಜೊತೆಗೂಡಿದವರು ಅನುತಾಯಿ ವಾಘ್. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ, ಕೇರಿಯ ಮನೆಯಂಗಳಕ್ಕೆ ಹೋಗಬೇಕು ಎಂದು ಅವರು ಯೋಚಿಸಿದರು. ಅಂಗಳಕ್ಕೆ ಮರಾಠಿಯಲ್ಲಿ ಅಂಗಣ, ಅಲ್ಲಿಂದ ಅಂಗನವಾಡಿ. ಮಾಂಟೆಸ್ಸರಿಯ ದುಬಾರಿ ಸಾಮಾನಿನ ಬದಲು ಕಲ್ಲು, ಬೀಜ, ಎಲೆ, ಶಂಖಗಳಲ್ಲೇ ಪಾಠ. 1957ರಲ್ಲಿ ಈ ಕೆಲಸ ಹತ್ತಿರದ ಕೋಸಬಾಡ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಸ್ಥಳಾಂತರಗೊಂಡಿತು.

ಕೇಂದ್ರ ಸರ್ಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿದಾಗ ಈ ಹೆಸರನ್ನೇ ಎತ್ತಿಕೊಂಡಿತು. ಕರ್ನಾಟಕದಲ್ಲಿ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಇಂದು ಅಂಗನವಾಡಿ ಇಲ್ಲದ ಊರು ಹುಡುಕಬೇಕು.

ಆದರೆ ಹೆಸರು ಬಂದಷ್ಟು ಸಲೀಸಾಗಿ ಪಾಠ ಬರಲಿಲ್ಲ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ ಇವೆಲ್ಲವೂ ಅದೇ ಒಬ್ಬ ಕಾರ್ಯಕರ್ತೆ, ಅದೇ ಒಬ್ಬ ಸಹಾಯಕಿಯ ಹೆಗಲಿಗೆ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿನಲ್ಲಿ ದಿನದ ಲೆಕ್ಕ ತುಂಬುವ ಕೆಲಸವೂ ಸೇರಿತು. ಕೂಸಿನ ತೂಕ ಎಷ್ಟು ಎಂದು ಮೇಲಿನವರು ಕೇಳುತ್ತಾರೆ. ಕೂಸು ಎಷ್ಟು ಹಾಡು ಕಲಿತಿದೆ ಎಂದು ಕೇಳುವವರು ಕಡಿಮೆ. ಇಷ್ಟೆಲ್ಲ ಮಾಡುವ ಅಕ್ಕೋರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಇವರೂ ಗ್ರಾಚ್ಯುಟಿಗೆ ಅರ್ಹರು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಇತ್ತ ತಾಯ್ತಂದೆಯರ ಆಸೆ ಬೇರೆ ದಿಕ್ಕಿಗೆ ಓಡಿದೆ. ಖಾಸಗಿ ಶಾಲೆಯ ಹಳದಿ ವ್ಯಾನು ಹಳ್ಳಿಯ ತನಕ ಬರುತ್ತದೆ; ಎಲ್‌ಕೆಜಿ, ಯುಕೆಜಿ ಎಂಬ ಮಾತು ಹೊಲಕ್ಕೆ ಹೋಗುವವರ ಬಾಯಲ್ಲೂ ಇದೆ. ಇದನ್ನು ಕಂಡು ಸರ್ಕಾರ ತನ್ನ ಶಾಲೆಗಳಲ್ಲೇ ಪೂರ್ವ ಪ್ರಾಥಮಿಕ ತರಗತಿಗಳನ್ನು ತೆರೆಯುತ್ತ ಬಂತು. ತಮ್ಮ ಕೇಂದ್ರಗಳು ಬರಿದಾಗುತ್ತವೆ ಎಂದು 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟನೆಗಿಳಿದರು. ಅದೇ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸ್ಸರಿ'ಗಳೆಂದು ಕರೆಯಲಾಯಿತು. ತಾರಾಬಾಯಿಯವರು ಮಾಂಟೆಸ್ಸರಿಯನ್ನು ಅಂಗಳಕ್ಕೆ ಇಳಿಸಿದ್ದರು. ನಾವೀಗ ಅಂಗಳಕ್ಕೆ ಮಾಂಟೆಸ್ಸರಿಯ ಹೆಸರಿಟ್ಟು ಮೇಲೇರಿಸಲು ಹೊರಟಿದ್ದೇವೆ.

ಮುಂಬಯಿಯ ಬಾಲಸಖಿ

ನಗರಾಡಳಿತ, ಸ್ವಯಂಸೇವಾ ಸಂಸ್ಥೆ, ಹಣವುಳ್ಳವರು ಈ ಮೂವರೂ ಸೇರಿ ಏನಾದರೂ ಮಾಡಬಹುದೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಸಿಗುವ ಅತ್ಯುತ್ತಮ ಉದಾಹರಣೆ ಮುಂಬಯಿಯದು. 1990ರ ದಶಕದ ನಡುವಿನಲ್ಲಿ ಯುನಿಸೆಫ್‌ನ ಪ್ರೋತ್ಸಾಹದಿಂದ, ಮಾಧವ ಚವಾಣ್ ಮತ್ತು ಫರೀದಾ ಲಾಂಬೆ ಅವರ ಮುಂದಾಳತ್ವದಲ್ಲಿ 'ಪ್ರಥಮ್' ಹುಟ್ಟಿತು. ಕೊಳೆಗೇರಿಗಳಲ್ಲಿ ಬಾಲವಾಡಿ ತೆರೆಯುವುದು ಅವರ ಮೊದಲ ಕೆಲಸ. ಅದಕ್ಕೆಂದು ಕಟ್ಟಡ ಕಟ್ಟಿಸಲಿಲ್ಲ. ಗುಡಿ, ಸಮುದಾಯ ಕೋಣೆ, ಯಾರದೋ ಮನೆಯ ಪಡಸಾಲೆ, ಸಿಕ್ಕಿದ್ದೇ ಶಾಲೆ. ಅದೇ ಕೇರಿಯ ಓದಿದ ಹುಡುಗಿಯೇ ಶಿಕ್ಷಕಿ.

ಬಾಲವಾಡಿಯಿಂದ ಮಹಾನಗರ ಪಾಲಿಕೆಯ ಶಾಲೆಗೆ ಹೋದ ಮಕ್ಕಳನ್ನು ಹಿಂಬಾಲಿಸಿದಾಗ ಎರಡನೆಯ ಸಮಸ್ಯೆ ಎದುರಾಯಿತು. ಮೂರು-ನಾಲ್ಕನೇ ತರಗತಿಗೆ ಬಂದರೂ ಅನೇಕ ಮಕ್ಕಳಿಗೆ ಒಂದನೇ ತರಗತಿಯ ಅಕ್ಷರ, ಎಣಿಕೆ ಬರುತ್ತಿರಲಿಲ್ಲ. ಮಾಸ್ತರರು ಪಾಠ್ಯಕ್ರಮ ಮುಗಿಸುವ ಓಟದಲ್ಲಿರುತ್ತಾರೆ, ಹಿಂದೆ ಬಿದ್ದವರು ಹಿಂದೆಯೇ. 1998ರಲ್ಲಿ ಆರಂಭವಾದ 'ಬಾಲಸಖಿ' ಕಾರ್ಯಕ್ರಮದಲ್ಲಿ ಇಂಥ 15-20 ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿ ಮೊದಲಿನಿಂದ ಕಲಿಸಲಾಯಿತು. ಕಲಿಸುವ ಹುಡುಗಿಗೆ ತಿಂಗಳಿಗೆ 500ರಿಂದ 750 ರೂಪಾಯಿ.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮುಂಬಯಿ ಹಾಗೂ ವಡೋದರಾದ ಶಾಲೆಗಳಲ್ಲಿ ಈ ಕಾರ್ಯಕ್ರಮವನ್ನು ಪರೀಕ್ಷೆಗೊಡ್ಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರಿಬ್ಬರಿಗೆ 2019ರಲ್ಲಿ ನೊಬೆಲ್ ಬಂದದ್ದು ಓದುಗರಿಗೆ ನೆನಪಿರಬಹುದು. ಬಾಲಸಖಿ ಇದ್ದ ಶಾಲೆಗಳ ಅಂಕ ಸ್ಪಷ್ಟವಾಗಿ ಏರಿತ್ತು. ಎರಡನೇ ವರ್ಷದ ಏರಿಕೆ ಮೊದಲ ವರ್ಷದ ಸುಮಾರು ಎರಡರಷ್ಟು. ಏರಿಕೆ ಕಂಡುಬಂದದ್ದು ಹೆಚ್ಚಾಗಿ ಕೆಳಗಿನ ಮಕ್ಕಳಲ್ಲಿ. ಅವರು ಎದ್ದು ಹೋದ ಮೇಲೆ ಚಿಕ್ಕದಾದ ತರಗತಿಯಲ್ಲಿ ಉಳಿದ ಮಕ್ಕಳಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಮಕ್ಕಳ ಸಂಖ್ಯೆ ಕಡಿಮೆ ಮಾಡಿದರೆ ಸಾಲದು, ಮಗು ನಿಂತ ಮೆಟ್ಟಿಲಿಗೆ ಇಳಿದು ಕಲಿಸಬೇಕು ಎಂಬುದು ಇದರಿಂದ ಹೊರಟ ಪಾಠ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಹೊಗಳುವವರು ಮರೆಯುತ್ತಾರೆ. ಬಾಲಸಖಿಯರು ಹೋದ ಒಂದು ವರ್ಷದ ಬಳಿಕ ಆ ಲಾಭದ ದೊಡ್ಡ ಭಾಗ ಕರಗಿತ್ತು.

ನಮ್ಮಲ್ಲಿಯೂ ಇದೇ ಜಾಡಿನ ಯತ್ನಗಳಿವೆ. ಹೆಗ್ಗಡದೇವನ ಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ 'ನಲಿ-ಕಲಿ', ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಹತ್ತುವ ಪದ್ಧತಿ. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಬೆಂಗಳೂರಿನಲ್ಲಿ 2000ದಲ್ಲಿ ಸ್ಥಾಪನೆಯಾದ ಅಕ್ಷರ ಫೌಂಡೇಶನ್ ಬಾಲವಾಡಿ, ಗ್ರಂಥಾಲಯ, ಹಿಂದುಳಿದ ಮಕ್ಕಳ ಪಾಠ ಎಂದು ನಗರದಲ್ಲಿ ಕೆಲಸ ಆರಂಭಿಸಿ, ಮುಂದೆ ಹಳ್ಳಿಗಳತ್ತ ತಿರುಗಿತು. ಅದು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ 4, 5 ಮತ್ತು 6ನೇ ತರಗತಿಯವರಿಗೆ ನಡೆಸುವ ಗಣಿತ ಸ್ಪರ್ಧೆಯಲ್ಲಿ ಒಂದು ಜಾಣತನವಿದೆ. ಮಗುವಿಗೆ ಭಾಗಾಕಾರ ಬರುತ್ತದೆಯೇ ಎಂಬುದು ಶಾಲೆಯ ರಜಿಸ್ಟರಿನಿಂದ ಹೊರಬಂದು ಊರ ಮುಂದಿನ ಮಾತಾಗುತ್ತದೆ. ಪಂಚಾಯ್ತಿ ಸದಸ್ಯರು ರಸ್ತೆಯ ಬಿಲ್ಲಿನಷ್ಟೇ ಆಸಕ್ತಿಯಿಂದ ಅಂಕಪಟ್ಟಿ ನೋಡುವಂತಾದರೆ ಅದು ಸಣ್ಣ ಸಾಧನೆಯಲ್ಲ.

ದೂರದ ಇಟಲಿಯಲ್ಲಿ ಒಂದು ಪಟ್ಟಣ ಇದನ್ನು ತನ್ನದೇ ಕೆಲಸವೆಂದು ಹೊತ್ತಿತು. ಎರಡನೇ ಮಹಾಯುದ್ಧ ಮುಗಿದ 1945ರ ವಸಂತದಲ್ಲಿ ರೆಜಿಯೊ ಎಮಿಲಿಯಾ ಸಮೀಪದ ಹಳ್ಳಿಯ ಜನ, ಓಡಿಹೋದ ಜರ್ಮನರು ಬಿಟ್ಟ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ ಬಂದ ಹಣದಲ್ಲಿ ಮಕ್ಕಳ ಶಾಲೆ ಕಟ್ಟಿದರು. 1963ರಲ್ಲಿ ಆ ಪಟ್ಟಣದ ಪುರಸಭೆಯೇ ಶಿಶುಶಾಲೆ ತೆರೆಯಿತು. ಇಂದು ಅದನ್ನು ನೋಡಲು ದೇಶ ವಿದೇಶಗಳ ಶಿಕ್ಷಕರು ಹೋಗುತ್ತಾರೆ.

ಕ್ರಾಸಿಂಗ್ ಹೊತ್ತಿಗೆ ಸಾಲಿ ಗಂಟೆ

ದೊಡ್ಡ ಮಕ್ಕಳ ವಿಷಯಕ್ಕೆ ಬರೋಣ. ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 73.40ಕ್ಕೆ, 2025ರಲ್ಲಿ ಶೇ 66.14ಕ್ಕೆ ಇಳಿಯಿತು. ಒಂದೆರಡು ವರ್ಷದಲ್ಲಿ ಮಕ್ಕಳು ದಡ್ಡರಾಗುವುದಿಲ್ಲ. ಮೊದಲು ಮುಚ್ಚಿಹೋಗುತ್ತಿದ್ದದ್ದು ಈಗ ಕಾಣುತ್ತಿದೆ ಎಂದು ತಿಳಿಯುವುದೇ ಸರಿ.

ಹಾವೇರಿ ಜಿಲ್ಲೆಯಲ್ಲಿ ಹಿಂದೆ ಬೀಳುವುದಕ್ಕೆ ಈ ನೆಲದ್ದೇ ಕಾರಣಗಳೂ ಇವೆ. ರಾಣೇಬೆನ್ನೂರು ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು. ಹೈಬ್ರಿಡ್ ಹತ್ತಿಯ ಬೀಜ ಮಾಡಲು ಸಂಜೆ ಮೊಗ್ಗಿನ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಪರಾಗ ತಾಗಿಸಬೇಕು. 'ಕ್ರಾಸಿಂಗ್' ಎಂದು ಕರೆಯುವ ಈ ನಾಜೂಕು ಕೆಲಸಕ್ಕೆ ಎಳೆಯ ಬೆರಳುಗಳೇ ಲೇಸೆಂದು ಬಹುಕಾಲ ಮಕ್ಕಳನ್ನು ಇಳಿಸಿದ್ದುಂಟು. ಹೂವು ಬಿಡುವ ಬೆಳಗಿನ ಹೊತ್ತೂ ಸಾಲಿ ಗಂಟೆ ಹೊಡೆಯುವ ಹೊತ್ತೂ ಒಂದೇ. ಹಂಗಾಮಿನಲ್ಲಿ ಒಂದೆರಡು ತಿಂಗಳು ತಪ್ಪಿಸಿಕೊಂಡ ಹುಡುಗಿ ಮರಳಿ ಬಂದಾಗ ಬೀಜಗಣಿತ ಎಷ್ಟೋ ದೂರ ಹೋಗಿರುತ್ತದೆ. 'ಇನ್ನ ಸಾಲಿಗೆ ಹೋಗಿ ಏನ್ ಮಾಡೂದೈತಿ' ಎಂಬ ಮಾತು ಹುಟ್ಟುವುದು ಅಲ್ಲಿಂದ.

ಶಾಲೆ ಬಿಟ್ಟವರನ್ನು ಮರಳಿ ತರಲು ಎರಡು ಸಾವಿರದ ಆಸುಪಾಸಿನಲ್ಲಿ ಶಿಕ್ಷಣ ಇಲಾಖೆ ನಡೆಸಿದ 'ಚಿಣ್ಣರ ಅಂಗಳ' ಒಂದು ಒಳ್ಳೆಯ ಯತ್ನವಾಗಿತ್ತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದ 'ವಿದ್ಯಾಗಮ', 2022-23ರ 'ಕಲಿಕಾ ಚೇತರಿಕೆ' ಇವೂ ಅದೇ ಸಾಲಿನವು. ಆದರೆ ಪ್ರತಿಯೊಂದಕ್ಕೂ ಒಂದು ಅವಧಿ, ಒಂದು ಹೆಸರು, ಒಂದು ಕಡತ. ಬಾಲಸಖಿಯ ಲಾಭ ಕರಗಿದ ಕಥೆ ಇಲ್ಲಿ ನೆನಪಾಗದೆ ಇರದು.

ಹೆಸರು ಗದ್ದಲವಿಲ್ಲದೆ ಉಳಿದುಕೊಂಡದ್ದು ಗ್ರಾಮ ಪಂಚಾಯ್ತಿ ಗ್ರಂಥಾಲಯ. 2019ರಲ್ಲಿ ಇವನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ 'ಓದುವ ಬೆಳಕು' ಅಭಿಯಾನದಡಿ 6ರಿಂದ 18ರವರೆಗಿನ ಮಕ್ಕಳಿಗೆ ಸದಸ್ಯತ್ವ ಉಚಿತ. ಹದಿನಾಲ್ಕಕ್ಕೆ ಕಾಯ್ದೆ ಕೈಬಿಟ್ಟ ಮಗುವನ್ನು ಹದಿನೆಂಟರವರೆಗೆ ಒಳಗೆ ಕರೆಯುವ ಸಾರ್ವಜನಿಕ ಜಾಗ ಹಳ್ಳಿಯಲ್ಲಿ ಇದೊಂದೇ ಇರಬೇಕು. ಮನೆಯಲ್ಲಿ ಒಂದೇ ಕೋಣೆ, ಅದರಲ್ಲೇ ಟಿವಿ ಇರುವ ಹುಡುಗನಿಗೆ ಒಂದು ಮೇಜು, ಒಂದು ದೀಪ ಸಿಗುವುದೂ ಪಾಠದಷ್ಟೇ ಅಗತ್ಯ.

ಪಟ್ಟಣದ ಕಥೆ ಬೇರೆ. ಹಾವೇರಿಯಲ್ಲಾಗಲಿ ರಾಣೇಬೆನ್ನೂರಿನಲ್ಲಾಗಲಿ ಮನೆ ಪಟ್ಟಿ ಕಟ್ಟುವ ಓದುಗರು ತಮ್ಮ ರಸೀದಿಯನ್ನೊಮ್ಮೆ ನೋಡಲಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೆಂದು ಶೇ 6ರಷ್ಟು ಸೇರಿರುತ್ತದೆ. ಒಂದಾಣೆ ಪಟ್ಟಿಯ ಈ ಮೊಮ್ಮಗನನ್ನು ವಸೂಲು ಮಾಡುವುದು ನಗರಸಭೆ, ಖರ್ಚು ಮಾಡುವುದು ಗ್ರಂಥಾಲಯ ಇಲಾಖೆ. ವಾರ್ಡಿನ ಹತ್ತನೇತ್ತೆ ಮಕ್ಕಳಿಗೆ ಸಂಜೆ ಓದುವ ಕೋಣೆ ಬೇಕೆಂದರೆ ಯಾರನ್ನು ಕೇಳಬೇಕು ಎಂಬುದು ಕೌನ್ಸಿಲರನಿಗೂ ಸುಲಭಕ್ಕೆ ಹೊಳೆಯದು.

ಕೂಸುಗಳ ವಿಷಯದಲ್ಲೂ ಇದೇ ತಾರತಮ್ಯ. 2023ರ ಜುಲೈ ಬಜೆಟ್ಟಿನಲ್ಲಿ ಪ್ರಕಟವಾದ 'ಕೂಸಿನ ಮನೆ' ಯೋಜನೆ 4,000 ಗ್ರಾಮ ಪಂಚಾಯ್ತಿಗಳಿಗೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಅದು. ಪುರಸಭೆಯ ಗಡಿಯೊಳಗಿನ ಕೂಲಿ ತಾಯಿ ಆ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮು ಶುರುವಾದರೆ ತೊಟ್ಟು ಬಿಡಿಸುವ ಕೆಲಸಕ್ಕೆ ಹೆಂಗಸರು ಬೆಳಿಗ್ಗೆಯೇ ಹೊರಡುತ್ತಾರೆ. ಅಂಗನವಾಡಿ ಸಂಜೆ ನಾಲ್ಕರ ಸುಮಾರಿಗೆ ಮುಚ್ಚುತ್ತದೆ; ಚೀಲದ ಲೆಕ್ಕದ ಕೆಲಸ ಹೊತ್ತು ಮುಳುಗಿದರೂ ಮುಗಿಯದು. 'ಅಕ್ಕಾರ, ನಾ ಬರೂಮಟಾ ಇವ್ನ ಇಟ್ಕೋರಿ' ಎಂದು ಅಂಗಲಾಚಿದರೂ ಅಕ್ಕೋರಿಗೂ ಮನೆಯಿದೆ. ಆಗ ಕೂಸನ್ನು ಮನೆಯಲ್ಲಿ ನೋಡಿಕೊಳ್ಳಲು ನಿಲ್ಲುವವಳು ಏಳನೆಯದೋ ಎಂಟನೆಯದೋ ಓದುವ ಅಕ್ಕ. ತಮ್ಮನ ಅಂಗನವಾಡಿಯ ಬಾಗಿಲು ಇನ್ನೆರಡು ತಾಸು ತೆರೆದಿದ್ದರೆ ಆ ಹುಡುಗಿಯ ಹಾಜರಿ ಪುಸ್ತಕದಲ್ಲಿ ಗೈರು ಗುರುತು ಕಡಿಮೆಯಾಗುತ್ತದೆ. ಈ ಎರಡು ತಾಸಿನ ಖರ್ಚನ್ನು ಮಾರುಕಟ್ಟೆ ಸಮಿತಿ, ಪುರಸಭೆ, ಶಿಶು ಅಭಿವೃದ್ಧಿ ಇಲಾಖೆ ಈ ಮೂರರಲ್ಲಿ ಯಾರು ಹೊರಬೇಕೆಂದು ಯಾವ ಅನುಸೂಚಿಯೂ ಹೇಳಿಲ್ಲ, ಹೊರಬಾರದೆಂದೂ ಹೇಳಿಲ್ಲ.